ಪೆಟ್ಟಾದ ಮೇಲೂ ದುಡಿಯುವವರ ಜೀವವಿಮೆ



ಜೀವವಿಮೆಯ ಪ್ರಪೋಸಲ್ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ. ನಿಮಗೆ ಯಾವುದಾದರೂ ದೈಹಿಕ ನ್ಯೂನತೆ ಅಥವಾ ಅಂಗವೈಕಲ್ಯ ಇದೆಯೇ ಎಂದು. ನಮ್ಮಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿ ಓದದೆ ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತೇವೆ. ‘ಹೌದು’ ಎಂದು ಬರೆಯಬೇಕಾದವರ ಗತಿ ಏನು ಎಂಬುದೇ ನನ್ನ ಇಂದಿನ ವಿಷಯ. ಅಪಘಾತದಲ್ಲಿ ಕಾಲನ್ನೋ ಕೈಯನ್ನೋ ಬೆನ್ನಿನ ಬಲವನ್ನೋ ಕಳೆದುಕೊಂಡು, ಚೇತರಿಸಿಕೊಂಡು, ಮತ್ತೆ ದುಡಿಮೆಗೆ ನಿಂತವರು ಹೆಂಡತಿ ಮಕ್ಕಳಿಗಾಗಿ ಒಂದು ಪಾಲಿಸಿ ಕೇಳಿದರೆ ಏನಾಗುತ್ತದೆ, ಏನಾಗಬೇಕು ಎಂಬುದನ್ನು ಹೈದರಾಬಾದಿನ ಕನ್ನಡಿಗರಾದ ನಿಮ್ಮೊಂದಿಗೆ ಯೋಚಿಸಲು ಬಂದಿದ್ದೇನೆ.

ಈ ವಿಷಯಕ್ಕೆ ಈ ಊರಿನ ಬೇಗಂ ಬಜಾರಿಗಿಂತ ತಕ್ಕ ಜಾಗ ನನಗೆ ಹೊಳೆಯಲಿಲ್ಲ. ಎರಡನೆಯ ನಿಜಾಮರ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ನೆಲವೆಂದು ಹೇಳುವ ಆ ಪೇಟೆ ನಮಗೆಲ್ಲ ಗೊತ್ತು. ಬೀದರ್, ಹುಮನಾಬಾದ್, ಬಸವಕಲ್ಯಾಣ, ಔರಾದ್ ಕಡೆಯ ಕಿರಾಣಿ ಅಂಗಡಿಯವರು ಒಣಹಣ್ಣು, ಮಸಾಲೆ, ಸ್ಟೀಲು ಹಿತ್ತಾಳೆ ಪಾತ್ರೆಗಳಿಗೆ ಇವತ್ತಿಗೂ ಅಲ್ಲಿಗೇ ಬರುತ್ತಾರೆ. ಅದೇ ಸೀಮೆಯಿಂದ ಕೂಲಿಗೆಂದು ಬಂದು ಅಲ್ಲೇ ಉಳಿದವರೂ ಇದ್ದಾರೆ. ಸಿದ್ಧಿಅಂಬರ್ ಬಜಾರಿನಿಂದ ಫೀಲ್‌ಖಾನಾದವರೆಗೆ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಲಾರಿಯಿಂದ ಇಳಿದ ಸರಕು ಕಡೆಗೆ ಮನುಷ್ಯರ ಬೆನ್ನು, ತಲೆ, ತಳ್ಳುಬಂಡಿಯ ಮೇಲೆಯೇ ಗೋದಾಮು ಸೇರಬೇಕು. ಮೂಟೆ ಜಾರುತ್ತದೆ, ಅಟ್ಟದ ಏಣಿ ತಪ್ಪುತ್ತದೆ, ಹಿಂದೆ ಬರುವ ಟ್ರಾಲಿ ಆಟೋ ಕಾಲ ಮೇಲೆ ಹರಿಯುತ್ತದೆ. ಪೆಟ್ಟಾದವರನ್ನು ಹೊತ್ತುಕೊಂಡು ಹೋಗಲು ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಹತ್ತಿರದಲ್ಲೇ ಇದೆ. ಆಸ್ಪತ್ರೆಯಿಂದ ಮರಳಿದ ಮೇಲಿನ ಬದುಕಿಗೆ ಹತ್ತಿರದಲ್ಲಿ ಏನಿದೆ ಎಂಬುದು ಬೇರೆ ಪ್ರಶ್ನೆ.

ಮಾತಿಗೆ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು ಔರಾದ್ ಕಡೆಯ ಹಮಾಲರು. ಮೊಣಕಾಲಿನ ಕೆಳಗೆ ಬಲಗಾಲು ಹೋಯಿತು. ಜೈಪುರ ಕಾಲು ಎಂಬ ಕೃತಕ ಕಾಲು ಹಾಕಿಸಿಕೊಂಡು ವರ್ಷದ ಮೇಲೆ ಅದೇ ದುಕಾನಿಗೆ ಮರಳಿದರು. ಮೂಟೆ ಹೊರುವುದು ನಿಂತಿತು. ಲೆಕ್ಕ ಚೆನ್ನಾಗಿ ಬರುತ್ತಿದ್ದುದರಿಂದ ಸೇಠರು ಗಲ್ಲಾದ ಪಕ್ಕ ಕೂರಿಸಿ ಉದ್ರಿ ಖಾತೆ ಒಪ್ಪಿಸಿದರು. ಈಗ ಅವರ ದುಡಿಮೆ ಹಿಂದಿನದಕ್ಕಿಂತ ಹೆಚ್ಚು. ಎರಡನೆಯವರು ಸಣ್ಣ ಪಾತ್ರೆ ವ್ಯಾಪಾರಿ. ಅಟ್ಟದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಫೋನಿನಲ್ಲೇ ಬೀದರ್, ಜಹೀರಾಬಾದಿನ ಆರ್ಡರು ಹಿಡಿಯುತ್ತಾರೆ. ಇಬ್ಬರಿಗೂ ಊರಲ್ಲಿ ತಂದೆತಾಯಿ, ಇಲ್ಲಿ ಬಾಡಿಗೆ ಮನೆ, ಓದುವ ಮಕ್ಕಳು, ತೀರಿಸಬೇಕಾದ ಸಾಲ. ಇಬ್ಬರೂ ಹತ್ತು ಲಕ್ಷದ ಪಾಲಿಸಿ ಕೇಳುತ್ತಾರೆ. ಏಜೆಂಟರು ಒಬ್ಬರ ಕಾಲು ನೋಡುತ್ತಾರೆ, ಇನ್ನೊಬ್ಬರ ಕುರ್ಚಿ ನೋಡುತ್ತಾರೆ, ಫಾರಂ ಮಡಚಿ ಚೀಲಕ್ಕೆ ಹಾಕುತ್ತಾರೆ.

ನನ್ನ ವಾದ ಇಷ್ಟೇ. ಇಬ್ಬರನ್ನೂ ‘ಅಂಗವಿಕಲ’ ಎಂಬ ಒಂದೇ ಪೆಟ್ಟಿಗೆಗೆ ತುಂಬಿ ಬಾಗಿಲು ಹಾಕುವುದು ಅನ್ಯಾಯ. ವಿಮಾ ಶಾಸ್ತ್ರದ ಲೆಕ್ಕದಲ್ಲೂ ಅದು ತಪ್ಪು. ಕಂಪನಿ ಹೆಚ್ಚು ಕಂತು ಕೇಳಲಿ. ಕೇಳುವ ಮೊದಲು ಈ ವ್ಯಕ್ತಿಯನ್ನು ಅಳೆಯಲಿ, ಅಳೆದ ಲೆಕ್ಕವನ್ನು ಅವರ ಮುಂದೆ ಇಡಲಿ.

ಇದು ಹೊಸ ಜಗಳವಲ್ಲ ಎಂಬುದನ್ನು ಮೊದಲು ನೆನೆಯಬೇಕು. 1818ರಲ್ಲಿ ಕಲ್ಕತ್ತದಲ್ಲಿ ಓರಿಯೆಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿ ಶುರುವಾದಾಗ ಅದು ಇಲ್ಲಿದ್ದ ಯುರೋಪಿಯನ್ನರಿಗಾಗಿ ಬಂದ ವ್ಯವಸ್ಥೆ. ಮುಂದೆ ಭಾರತೀಯರಿಗೂ ಪಾಲಿಸಿ ಕೊಡಲು ಒಪ್ಪಿದಾಗ ವಿದೇಶಿ ಕಂಪನಿಗಳು ನಮ್ಮನ್ನು ಕೆಳದರ್ಜೆಯ ಜೀವಗಳೆಂದು ಬಗೆದು ಹೆಚ್ಚುವರಿ ಕಂತು ಹೇರಿದವು. ಗಟ್ಟಿಮುಟ್ಟಾದ ಆಳಾಗಿರಲಿ, ಊರಿಗೆ ದೊಡ್ಡ ಸಾಹುಕಾರರಾಗಿರಲಿ, ಭಾರತೀಯರಾದರೆ ಸಾಕು, ದರ ಏರುತ್ತಿತ್ತು. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುವಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. ಅದಕ್ಕೂ ಮುಂಚೆ ಇಡೀ ದೇಶವೇ ಆ ‘ಹೌದು’ ಚೌಕದಲ್ಲಿ ನಿಂತಿತ್ತು. ಒಬ್ಬೊಬ್ಬರನ್ನು ನೋಡದೆ ಗುಂಪಿಗೇ ಒಂದು ಹಣೆಪಟ್ಟಿ ಕಟ್ಟಿದರೆ ಹೇಗಿರುತ್ತದೆ ಎಂದು ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಗೊತ್ತಿತ್ತು. ಅವರ ಮೊಮ್ಮಕ್ಕಳು ನಡೆಸುವ ಕಂಪನಿಗಳು ಅದನ್ನು ಮರೆಯಬಾರದು.

ನಮ್ಮ ಸೀಮೆಯ ಸಂಸ್ಥಾನಗಳೂ ಈ ದಾರಿಯಲ್ಲಿ ನಡೆದವು, ಆದರೆ ಅರ್ಧ ದಾರಿ. ಮೈಸೂರು ಸರ್ಕಾರ 1891ರಲ್ಲೇ ತನ್ನ ನೌಕರರಿಗೆ ವಿಮಾ ಯೋಜನೆ ತಂದಿತು, ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದೇ. ನಿಜಾಮ್ ಸರ್ಕಾರ 1907ರಲ್ಲಿ ಕುಟುಂಬ ಪಿಂಚಣಿ ನಿಧಿ ಹುಟ್ಟುಹಾಕಿತು, ಮುಂದೆ ಅದು ಸರ್ಕಾರಿ ಜೀವವಿಮೆಯಾಯಿತು. ಎರಡೂ ಸರ್ಕಾರಿ ಸಂಬಳದವರಿಗೆ. ಪೇಟೆಯಲ್ಲಿ ಮೂಟೆ ಹೊರುವವರು ಆ ಪುಸ್ತಕದಲ್ಲಿ ಇರಲಿಲ್ಲ. 1956ರ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳನ್ನು ಸೇರಿಸಿ ಜೀವ ವಿಮಾ ನಿಗಮ ಹುಟ್ಟಿತು. ವಿಮೆ ರಾಷ್ಟ್ರೀಕರಣವಾದರೂ ಸಂಬಳದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಎಂಬ ಭೇದ ಉಳಿದೇ ಇತ್ತು. ನಿಗಮದ ಒಂದು ಅಗ್ಗದ ಅವಧಿ ವಿಮೆ ಸರ್ಕಾರಿ, ಅರೆಸರ್ಕಾರಿ ಮತ್ತು ಹೆಸರಾಂತ ಸಂಸ್ಥೆಗಳ ನೌಕರರಿಗೆ ಮಾತ್ರ ಮೀಸಲಾಗಿತ್ತು. ಅಹಮದಾಬಾದಿನ ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಆ ನಿರ್ಬಂಧವನ್ನು ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ಅಸಂಘಟಿತ ದುಡಿಮೆಗಾರರಿಗೂ ತಮ್ಮ ಶಕ್ತಿಗೆ ಎಟಕುವ ವಿಮೆ ಸಿಗಬೇಕು, ಅದು ಘನತೆಯಿಂದ ಬದುಕುವ ಹಕ್ಕಿನ ಭಾಗ ಎಂಬುದು ಆ ತೀರ್ಪಿನ ತಿರುಳು. ಬೇಗಂ ಬಜಾರಿನ ಪ್ರತಿ ಹಮಾಲರಿಗೂ ಸೇರಿದ ತೀರ್ಪು ಅದು. ಅದರ ಹೆಸರು ಕೇಳಿದವರು ಅಲ್ಲಿ ಎಷ್ಟು ಮಂದಿ ಇರಬಹುದು?

ಈಗ ಲೆಕ್ಕದ ಮಾತಿಗೆ ಬರುತ್ತೇನೆ. ವಿಮಾ ಕಂಪನಿಯಲ್ಲಿ ಅರ್ಜಿ ತೂಗುವ ಕೆಲಸಕ್ಕೆ ಅಂಡರ್‌ರೈಟಿಂಗ್ ಎನ್ನುತ್ತಾರೆ. ಸಾಮಾನ್ಯ ಆರೋಗ್ಯದವರ ಸಾವಿನ ಸಂಭವವನ್ನು 100 ಎಂದು ಇಟ್ಟುಕೊಂಡು, ಅರ್ಜಿದಾರರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೂಕ, ಕಸುಬು, ಕುಟುಂಬದ ಚರಿತ್ರೆ ನೋಡಿ ಆ ಅಂಕಿಗೆ ಕೂಡುತ್ತಾ ಕಳೆಯುತ್ತಾ ಹೋಗುತ್ತಾರೆ. ಸ್ವಲ್ಪ ಏರಿದರೆ ಮಾಮೂಲು ದರ, ಇನ್ನಷ್ಟು ಏರಿದರೆ ಹೆಚ್ಚುವರಿ ಕಂತು, ಮಿತಿ ಮೀರಿದರೆ ತಿರಸ್ಕಾರ. ಇದರಲ್ಲಿ ತಪ್ಪೇನೂ ಇಲ್ಲ. ಸಾವಿನ ಅಂಚಿನಲ್ಲಿ ಇರುವವರೇ ಹೆಚ್ಚಾಗಿ ಪಾಲಿಸಿ ತೆಗೆದುಕೊಂಡರೆ ಉಳಿದವರ ಹಣ ಸಾಲದೆ ಬರುತ್ತದೆ ಎಂಬ ಕಂಪನಿಗಳ ಭಯವೂ ನಿಜವಾದದ್ದೇ. ಹಾಗಾಗಿ ನನ್ನ ತಕರಾರು ತೂಗುವುದರ ಮೇಲಲ್ಲ, ತೂಗದೆ ಕಳಿಸುವುದರ ಮೇಲೆ.

ನಮ್ಮ ಇಬ್ಬರು ಅರ್ಜಿದಾರರನ್ನು ತೂಗಿ ನೋಡಿ. ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟು ಕಾಲು ತೆಗೆದಿದ್ದರೆ ಆ ಕಾಯಿಲೆ ದೇಹದಲ್ಲಿ ಇನ್ನೂ ಇದೆ, ಅದು ಹೃದಯವನ್ನೂ ಮೂತ್ರಪಿಂಡವನ್ನೂ ಕಾಡುತ್ತದೆ, ಆಯುಷ್ಯದ ಲೆಕ್ಕ ಬದಲಾಗುತ್ತದೆ. ಮೂಟೆ ಬಿದ್ದು ಹೋದ ಕಾಲಿನ ಕಥೆ ಹಾಗಲ್ಲ. ಗಾಯ ಪೂರ್ತಿ ಮಾಗಿ, ಮನುಷ್ಯ ನಡೆದಾಡುತ್ತ ದುಡಿಯುತ್ತಿದ್ದರೆ ಅವರ ಆಯುಷ್ಯ ಸರಿಸುಮಾರು ಎಲ್ಲರಂತೆಯೇ. ಹೊರುವ ಕೆಲಸ ಬಿಟ್ಟು ಗಲ್ಲಾದ ಮೇಲೆ ಕೂತಿರುವುದರಿಂದ ಕಸುಬಿನ ಅಪಾಯವಂತೂ ಮೊದಲಿಗಿಂತ ಕಡಿಮೆ. ಎರಡು ಕಾಲಿದ್ದಾಗ ಕೊಡುತ್ತಿದ್ದ ಪಾಲಿಸಿಯನ್ನು ಈಗ ಕೊಡುವುದಿಲ್ಲ ಎನ್ನಲು ಲೆಕ್ಕದಲ್ಲಿ ಆಧಾರ ಎಲ್ಲಿದೆ?

ಬೆನ್ನುಹುರಿಯ ಪೆಟ್ಟು ಇದಕ್ಕಿಂತ ಗಂಭೀರ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇಂಥ ಪೆಟ್ಟಾದವರು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಮಲಗಿದಲ್ಲೇ ಹುಣ್ಣಾಗಿ, ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್ಮನ್ ಬೇರೆ ರೀತಿಯ ಆರೈಕೆ ಶುರುಮಾಡಿದರು. ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ನೋಡಿಕೊಳ್ಳುವುದು, ಕೈಗೆ ಕೆಲಸ ಕೊಡುವುದು, ಆಟ ಆಡಿಸುವುದು. ಆ ಆಸ್ಪತ್ರೆಯ ಅಂಗಳದಲ್ಲಿ 1948ರಲ್ಲಿ ನಡೆದ ಪಂದ್ಯಗಳೇ ಬೆಳೆದು ಪ್ಯಾರಾಲಿಂಪಿಕ್ಸ್ ಆದವು. ಅಂದಿನಿಂದ ಇಂಥವರ ಆಯುಷ್ಯ ಬಹಳ ಏರಿದೆ. ಪೆಟ್ಟು ಕುತ್ತಿಗೆಯಲ್ಲಾದರೆ ಉಸಿರಾಟದ ತೊಂದರೆಯಿಂದ ಅಪಾಯ ಹೆಚ್ಚು, ಸೊಂಟದಲ್ಲಾದರೆ ಅಷ್ಟಿಲ್ಲ. ನಮ್ಮ ಪಾತ್ರೆ ವ್ಯಾಪಾರಿಯ ಮೂತ್ರಪಿಂಡ ಚೆನ್ನಾಗಿದೆಯೇ, ಹುಣ್ಣಾಗಿದೆಯೇ, ಪದೇ ಪದೇ ಜ್ವರ ಬರುತ್ತದೆಯೇ, ಪೆಟ್ಟಾಗಿ ಎಷ್ಟು ವರ್ಷವಾಯಿತು ಎಂದು ಕೇಳಿ, ಹೆಚ್ಚುವರಿ ಕಂತು ಹಾಕಿ ಪಾಲಿಸಿ ಕೊಡಬಹುದಾದ ಅರ್ಜಿ ಅದು. ಈ ಯಾವುದನ್ನೂ ಕೇಳದೆ ಕುರ್ಚಿ ನೋಡಿ ‘ಆಗಲ್ಲ’ ಎಂದರೆ ಅದು 1944ಕ್ಕಿಂತ ಹಿಂದಿನ ವೈದ್ಯ ಹೇಳುವ ಮಾತು.

ಇಲ್ಲಿ ಇನ್ನೊಂದು ಗೊಂದಲವಿದೆ, ಅದು ಪರ್ಸೆಂಟಿನದು. ತೆಲಂಗಾಣದಲ್ಲಿ ಅಂಗವೈಕಲ್ಯಕ್ಕೆ ಕೊಡುವ ಸದರಂ ಸರ್ಟಿಫಿಕೇಟು, ದೇಶಕ್ಕೆಲ್ಲ ಯುಡಿಐಡಿ ಕಾರ್ಡು, ಅದರ ಮೇಲೆ ಶೇ. 40, 60, 80 ಎಂಬ ಅಂಕಿ. ಪಿಂಚಣಿಗೆ, ಬಸ್ ಪಾಸಿಗೆ ಆ ಅಂಕಿ ಬೇಕು. ಆದರೆ ಅದು ಅಂಗದ ಶಕ್ತಿ ಎಷ್ಟು ಕುಂದಿದೆ ಎಂಬುದರ ಅಳತೆ. ಆಯುಷ್ಯ ಎಷ್ಟು ಕುಂದಿದೆ ಎಂಬುದಕ್ಕೂ, ದುಡಿಮೆ ಎಷ್ಟು ಕುಂದಿದೆ ಎಂಬುದಕ್ಕೂ ಅದು ಅಳತೆಯಲ್ಲ. ಕಾಲು ಹೋದವರಿಗೂ ಬೆನ್ನುಹುರಿಗೆ ಪೆಟ್ಟಾದವರಿಗೂ ಒಂದೇ ಅಂಕಿ ಬರಬಹುದು. ಈ ವ್ಯತ್ಯಾಸವನ್ನು ಪರಿಹಾರದ ಕಾನೂನಿನಲ್ಲಿ ಬಿಡಿಸಿ ಹೇಳಿದವರು ಕರ್ನಾಟಕ ಹೈಕೋರ್ಟಿನಿಂದ ಬೆಳೆದು ಸುಪ್ರೀಂ ಕೋರ್ಟು ಸೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 2010ರಲ್ಲಿ ಬಂದ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಅವರು ಎಡಗೈ ಕಳೆದುಕೊಂಡವರ ಉದಾಹರಣೆ ಕೊಡುತ್ತಾರೆ. ಚಾಲಕರಿಗೋ ಬಡಗಿಗೋ ಆ ಕೈ ಹೋದರೆ ದುಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತರಿಗೆ ಅದೇ ಕೈ ಹೋದರೆ ಕೆಲಸ ಉಳಿಯಬಹುದು. ಆದ್ದರಿಂದ ವೈದ್ಯರ ಪರ್ಸೆಂಟನ್ನು ಹಾಗೇ ಎತ್ತಿಕೊಳ್ಳದೆ ಈ ಮನುಷ್ಯನ ಕಸುಬಿಗೆ ಏನಾಯಿತು ಎಂದು ನೋಡಬೇಕು. ಪರಿಹಾರ ಕೊಡುವಾಗ ನ್ಯಾಯಾಲಯ ಮನುಷ್ಯನನ್ನು ನೋಡುತ್ತದೆ. ಅದೇ ಮನುಷ್ಯ ಪರಿಹಾರದ ಹಣ ಕಟ್ಟಿ ವಿಮೆ ಕೇಳಿದಾಗ ಕಂಪನಿಯೂ ಮನುಷ್ಯನನ್ನೇ ನೋಡಬೇಕಲ್ಲವೇ?

ಅಳೆದು ನಿರ್ಧರಿಸುವುದೆಂದರೇನು ಎಂಬುದಕ್ಕೆ ಈ ಊರಿನಲ್ಲೇ ಒಂದು ದೊಡ್ಡ ಪಾಠವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಅಫ್ಜಲ್‌ಗಂಜ್, ಕೋಲ್ಸಾವಾಡಿ, ಬೇಗಂ ಬಜಾರಿನ ಸುತ್ತ ಸಾವಿರಾರು ಜನ ಸತ್ತರು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು ಬಂದು ಮಳೆಯ ಅಂಕಿಗಳನ್ನು ಕೂಡಿಹಾಕಿ ಲೆಕ್ಕ ಮಾಡಿ, ನೀರನ್ನು ಊರಿನ ಮೇಲುಭಾಗದಲ್ಲೇ ತಡೆದು ನಿಲ್ಲಿಸುವ ಉಪಾಯ ಹೇಳಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದದ್ದು ಹೀಗೆ. ನದೀದಂಡೆ ಅಪಾಯದ ಜಾಗ, ಪೇಟೆ ಖಾಲಿ ಮಾಡಿ ಎಂದು ಅವರು ಹೇಳಿ ಹೋಗಿದ್ದರೆ ಇಂದು ಬೇಗಂ ಬಜಾರೇ ಇರುತ್ತಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಎಲ್ಲಿ ನಿಂತಿದೆ? ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 25ನೆಯ ವಿಧಿ ಆರೋಗ್ಯವಿಮೆಯಲ್ಲೂ ಜೀವವಿಮೆಯಲ್ಲೂ ತಾರತಮ್ಯ ಸಲ್ಲದು, ವಿಮೆಯನ್ನು ನ್ಯಾಯವಾಗಿ ಒದಗಿಸಬೇಕು ಎನ್ನುತ್ತದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 3ನೆಯ ಕಲಮು ತಾರತಮ್ಯವನ್ನು ನಿಷೇಧಿಸುತ್ತದೆ. ಜೊತೆಗೇ ಒಂದು ಬಾಗಿಲು ಬಿಡುತ್ತದೆ: ನ್ಯಾಯವಾದ ಉದ್ದೇಶಕ್ಕೆ ತಕ್ಕ ಪ್ರಮಾಣದ ಕ್ರಮವಾದರೆ ಸರಿ. ವಿಮಾ ಕಂಪನಿ ತನ್ನ ಲೆಕ್ಕ ತೋರಿಸಲೇಬೇಕು ಎಂಬ ನೇರ ಮಾತು ಅದರಲ್ಲಿಲ್ಲ. 2017ರ ಎಚ್‌ಐವಿ ಕಾಯ್ದೆಯನ್ನು ಪಕ್ಕದಲ್ಲಿಟ್ಟು ನೋಡಿ. ಆಯುಷ್ಯದ ಅಂಕಿಅಂಶಗಳ ಅಧ್ಯಯನದ ಬೆಂಬಲವಿಲ್ಲದೆ ಎಚ್‌ಐವಿ ಇರುವವರಿಗೆ ವಿಮೆ ನಿರಾಕರಿಸುವಂತಿಲ್ಲ ಎಂದು ಅಲ್ಲಿ ಬರೆದೇ ಇದೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯೂ ಅಷ್ಟೇ. ಅಪಾಯದ ಲೆಕ್ಕಕ್ಕೆ ಸಂಬಂಧಪಟ್ಟ, ನಂಬಲರ್ಹ ಮೂಲದ ಮಾಹಿತಿ ಇದ್ದಾಗ ಮಾತ್ರ ಕಂಪನಿ ಅಂಗವಿಕಲರನ್ನು ಬೇರೆಯಾಗಿ ಕಾಣಬಹುದು. ಆ ಒಂದು ಸಾಲು ನಮ್ಮ ವಿಕಲಚೇತನರ ಕಾಯ್ದೆಗೂ ಬರಬೇಕು. ಈ ಉಪನ್ಯಾಸದಿಂದ ಒಂದೇ ಬೇಡಿಕೆ ಸರ್ಕಾರಕ್ಕೆ ಹೋಗುವುದಾದರೆ ಅದು ಇದಾಗಲಿ.

ಆರೋಗ್ಯವಿಮೆಯಲ್ಲಿ ಸ್ವಲ್ಪ ದಾರಿ ಆಗಿದೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುತ್ತ ದುಡಿಯುತ್ತಿದ್ದ ಒಬ್ಬರಿಗೆ ಕಂಪನಿಗಳು ಪಾಲಿಸಿ ನಿರಾಕರಿಸಿದಾಗ ಅವರು ದೆಹಲಿ ಹೈಕೋರ್ಟಿಗೆ ಹೋದರು. 2022ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ನಿರ್ದೇಶನ ಕೊಟ್ಟರು. 2023ರ ಫೆಬ್ರುವರಿಯಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ವಿಕಲಚೇತನರಿಗಾಗಿ ಆರೋಗ್ಯವಿಮೆಯ ಪಾಲಿಸಿ ತರಲೇಬೇಕೆಂದು ಕಂಪನಿಗಳಿಗೆ ಹೇಳಿತು. ಜೀವವಿಮೆಗೆ ಆ ಸುತ್ತೋಲೆ ಅನ್ವಯಿಸುವುದಿಲ್ಲ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕೆಂದು 2021ರ ಜನವರಿಯಿಂದ ಬಂದ ಸರಳ ಜೀವನ್ ಬೀಮಾ ಎಂಬ ಅವಧಿ ವಿಮೆ ಇದೆ, 5ರಿಂದ 25 ಲಕ್ಷದವರೆಗಿನದು. ಲಿಂಗ, ವಾಸಸ್ಥಳ, ಪ್ರಯಾಣ, ಕಸುಬು, ಓದು ಯಾವುದರ ಕಟ್ಟುಪಾಡೂ ಇಲ್ಲದೆ ಅದನ್ನು ಕೊಡಬೇಕೆಂದು ಪ್ರಾಧಿಕಾರ ಹೇಳಿದೆ. ಹಮಾಲರಿಗೆ ಇದು ದೊಡ್ಡ ಉಪಕಾರ. ಆ ಪಟ್ಟಿಯಲ್ಲಿ ಅಂಗವೈಕಲ್ಯವೂ ಒಂದಾಗಿದ್ದರೆ! ಪ್ರಾಧಿಕಾರದ ಮುಖ್ಯ ಕಚೇರಿ ಇರುವುದು ಇದೇ ಹೈದರಾಬಾದಿನಲ್ಲಿ. ಮೊದಲು ಬಷೀರ್‌ಬಾಗಿನಲ್ಲಿತ್ತು, ಈಗ ನಾನಕ್‌ರಾಮ್‌ಗುಡದಲ್ಲಿದೆ. ನಮ್ಮ ಅಹವಾಲು ದೆಹಲಿಯವರೆಗೆ ಹೋಗಬೇಕಾಗಿಲ್ಲ.

ನನ್ನನ್ನು ಬಹಳ ಕಾಡುವುದು ಕಾನೂನಿನ ಹಿಂದಿರುವ ಕಲ್ಪನೆ. ನಮ್ಮ ವ್ಯವಸ್ಥೆ ಅಂಗವಿಕಲರನ್ನು ಇನ್ನೊಬ್ಬರ ಆಸರೆಯಲ್ಲಿ ಇರುವವರೆಂದೇ ಬಹುಕಾಲ ಕಂಡಿತು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮು, ಜೀವ ವಿಮಾ ನಿಗಮದ ‘ಜೀವನ್ ಆಧಾರ್’ ಪಾಲಿಸಿ, ಎರಡರಲ್ಲೂ ವಿಮೆ ಇಳಿಸುತ್ತಿದ್ದವರು ಹೆಚ್ಚಾಗಿ ತಂದೆ ಅಥವಾ ಪೋಷಕರು, ಅವರು ಸತ್ತ ಮೇಲೆ ಹಣ ಬರುತ್ತಿದ್ದುದು ಅಂಗವಿಕಲ ಮಗುವಿಗೆ. ಪೋಷಕರು ಬದುಕಿರುವಾಗಲೇ ಆ ಹಣ ಮಗುವಿಗೆ ಸಿಗಬೇಕೆಂದು ಒಬ್ಬ ತಂದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2019ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ಒಪ್ಪದಿದ್ದರೂ ಸರ್ಕಾರ ಪರಿಶೀಲಿಸಲಿ ಎಂದಿತು. 2022ರ ಹಣಕಾಸು ಕಾಯ್ದೆ ಪೋಷಕರಿಗೆ 60 ವರ್ಷ ತುಂಬಿದ ಮೇಲೆ ಹಣ ಪಡೆಯಲು ದಾರಿ ಮಾಡಿತು. ಒಳ್ಳೆಯದೇ ಆಯಿತು, ಅಂಥ ಕುಟುಂಬಗಳಿಗೆ ಅದು ಬೇಕು. ಆದರೆ ಮೂವತ್ತೈದನೆಯ ವಯಸ್ಸಿನಲ್ಲಿ ಕಾಲು ಕಳೆದುಕೊಂಡವರು ಯಾರ ಮಗುವೂ ಅಲ್ಲ. ಅವರೇ ತಂದೆ, ಅವರೇ ತಾಯಿ. ಅವರ ದುಡಿಮೆಯ ಮೇಲೆ ನಾಲ್ಕು ಹೊಟ್ಟೆಗಳು ನಿಂತಿವೆ. ಜೀವವಿಮೆ ಹುಟ್ಟಿದ್ದೇ ಇಂಥವರಿಗಾಗಿ.

ಈಗ ಅರ್ಜಿ ಹಾಕುವವರಿಗೆ ಕೆಲವು ಮಾತು. ಮೊದಲನೆಯದು, ಪೆಟ್ಟನ್ನು ಮುಚ್ಚಿಡಬೇಡಿ. ‘ಕಾಲಿನ ವಿಷಯ ಬರೆಯುವುದು ಬೇಡ, ಪಾಲಿಸಿ ಮಾಡಿಸಿಕೊಡ್ತೀನಿ’ ಎನ್ನುವ ಏಜೆಂಟರು ಇದ್ದಾರೆ. ಅವರ ಮಾತು ಕೇಳಿ ಖಾಲಿ ಫಾರಂಗೆ ಸಹಿ ಹಾಕಿದವರ ಹೆಂಡತಿ ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. 1938ರ ವಿಮಾ ಕಾಯ್ದೆಯ 45ನೆಯ ಕಲಮಿನ ಪ್ರಕಾರ ಪಾಲಿಸಿ ಶುರುವಾದ ಮೂರು ವರ್ಷದೊಳಗೆ ಕಂಪನಿ ಮುಚ್ಚಿಟ್ಟ ವಿಷಯವನ್ನು ಎತ್ತಿ ಹಣ ನಿರಾಕರಿಸಬಹುದು. ಮೂರು ವರ್ಷ ದಾಟಿದರೆ, 2015ರ ತಿದ್ದುಪಡಿಯಂತೆ, ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಹಾಗೆಂದು ಮೂರು ವರ್ಷ ಸಾಯುವುದಿಲ್ಲ ಎಂಬ ಭರವಸೆಯ ಮೇಲೆ ಮಕ್ಕಳ ಭವಿಷ್ಯ ಇಡುವುದು ಬೇಡ. ಕನ್ನಡ ಮಾತ್ರ ಬಲ್ಲವರ ಫಾರಂ ಇಂಗ್ಲಿಷಿನಲ್ಲಿದ್ದರೆ, ತುಂಬಿದವರು ಅದನ್ನು ಅರ್ಜಿದಾರರ ಭಾಷೆಯಲ್ಲಿ ವಿವರಿಸಿ ಹಾಗೆಂದು ಬರೆದು ಸಹಿ ಹಾಕಬೇಕು. ಆ ಜಾಗವನ್ನು ಖಾಲಿ ಬಿಡಲು ಒಪ್ಪಬೇಡಿ.

ಪೆಟ್ಟಾದ ಹೊಸದರಲ್ಲಿ ಅರ್ಜಿ ಹಾಕಿದರೆ ‘ಮುಂದೂಡಲಾಗಿದೆ’ ಎಂಬ ಉತ್ತರ ಬರುವುದು ಸಹಜ. ಅದನ್ನು ತಿರಸ್ಕಾರವೆಂದು ತಿಳಿದು ಕೈಬಿಡುವುದು ಬೇಡ. ಗಾಯ ಮಾಗಿ ಕೆಲಸಕ್ಕೆ ಮರಳಿದ ಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ವಿವರ, ಬೆನ್ನುಹುರಿಯ ಪೆಟ್ಟಾದರೆ ಮೂತ್ರಪಿಂಡದ ಇತ್ತೀಚಿನ ಪರೀಕ್ಷೆಯ ವರದಿ, ವೈದ್ಯರ ಪತ್ರ ಎಲ್ಲವನ್ನೂ ಅರ್ಜಿಯ ಜೊತೆಗೇ ಕೊಡಿ. ಕಂಪನಿ ಅಪಘಾತದ ರೈಡರ್, ಅಂದರೆ ಹೆಚ್ಚುವರಿ ರಕ್ಷಣೆ, ಕೊಡದೆ ಮೂಲ ಪಾಲಿಸಿ ಮಾತ್ರ ಕೊಟ್ಟರೆ ಬೇಡವೆನ್ನಬೇಡಿ, ಮುಖ್ಯವಾದದ್ದು ಮೂಲ ಪಾಲಿಸಿಯೇ. ಬೇಗಂ ಬಜಾರಿನವರಿಗೆ ದೇಹಕ್ಕಿಂತ ದೊಡ್ಡ ಅಡ್ಡಿ ಆದಾಯದ ದಾಖಲೆ. ಕೂಲಿ ನಗದಿನಲ್ಲಿ ಬರುತ್ತದೆ, ತೆರಿಗೆ ರಿಟರ್ನ್ ಸಲ್ಲಿಸಿರುವುದಿಲ್ಲ, ದೊಡ್ಡ ಮೊತ್ತದ ಪಾಲಿಸಿ ಅಲ್ಲೇ ನಿಲ್ಲುತ್ತದೆ. ಸೇಠರು ತಿಂಗಳ ಪಗಾರವನ್ನು ಬ್ಯಾಂಕಿಗೆ ಹಾಕಿದರೆ ಅದೇ ಒಂದು ಪುರಾವೆ. ಸಾಲ ಇರುವ ವ್ಯಾಪಾರಿಗಳು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೆಯ ಕಲಮಿನಡಿ ಪಾಲಿಸಿ ಮಾಡಿಸುವುದನ್ನು ತಿಳಿದಿರಬೇಕು. ಆಗ ಆ ಹಣ ಹೆಂಡತಿ ಮಕ್ಕಳದ್ದು, ಉದ್ರಿ ಕೊಟ್ಟವರು ಸಾಮಾನ್ಯವಾಗಿ ಅದಕ್ಕೆ ಕೈ ಹಾಕುವಂತಿಲ್ಲ.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಕಂಪನಿಯ ಕುಂದುಕೊರತೆ ಅಧಿಕಾರಿ, ಅಲ್ಲಿಂದ ಪ್ರಾಧಿಕಾರದ ದೂರು ವ್ಯವಸ್ಥೆ ‘ಬಿಮಾ ಭರೋಸಾ’, ತಾರತಮ್ಯದ ದೂರಾದರೆ ವಿಕಲಚೇತನರ ಆಯುಕ್ತರು, ಇವು ಹತ್ತಬಹುದಾದ ಮೆಟ್ಟಿಲುಗಳು. ಆನ್‌ಲೈನಿನಲ್ಲಿ ಪಾಲಿಸಿ ಕೊಳ್ಳುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುವ ಗುರುತು ಪರಿಶೀಲನೆ, ಅಂದರೆ ಕೆವೈಸಿ, ಕಣ್ಣಿಗೆ ಪೆಟ್ಟಾದವರನ್ನು ಅಲ್ಲೇ ತಡೆಯುತ್ತಿತ್ತು. ಆ್ಯಸಿಡ್ ದಾಳಿಗೆ ತುತ್ತಾದವರೂ ದೃಷ್ಟಿ ಇಲ್ಲದವರೂ ತಂದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಇದಕ್ಕೆ ಬದಲಿ ದಾರಿಗಳಿರಬೇಕೆಂದು ಆದೇಶಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಕಂತಿನ ಮೇಲಿನ ಶೇ. 18ರ ಜಿಎಸ್‌ಟಿಯೂ ಹೋಗಿದೆ. ಹೆಚ್ಚುವರಿ ಕಂತು ಕಟ್ಟುವವರಿಗೆ ಅದರ ಮೇಲಿನ ತೆರಿಗೆಯೂ ಇಳಿದಂತಾಯಿತು.

ಅರ್ಜಿಯ ಈ ಕಷ್ಟವೇ ಇಲ್ಲದ ಒಂದು ದಾರಿ ಇದೆ, ನನಗೆ ಹೆಚ್ಚು ಭರವಸೆ ಇರುವುದು ಅದರಲ್ಲೇ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ 2015ರಿಂದ ನಡೆಯುತ್ತಿದೆ. ಬ್ಯಾಂಕು ಅಥವಾ ಅಂಚೆ ಖಾತೆ ಇರುವ 18ರಿಂದ 50ರ ವಯಸ್ಸಿನವರು ವರ್ಷಕ್ಕೆ 436 ರೂಪಾಯಿ ಕಟ್ಟಿದರೆ, ಸತ್ತಾಗ ಮನೆಯವರಿಗೆ 2 ಲಕ್ಷ. ವೈದ್ಯಕೀಯ ಪರೀಕ್ಷೆ ಇಲ್ಲ. ಸೇರಿದ ಮೊದಲ 30 ದಿನ ಅಪಘಾತವಲ್ಲದ ಸಾವಿಗೆ ಹಣ ಬರುವುದಿಲ್ಲ, ಅಷ್ಟೇ. ಕಾಲು ಹೋದವರೂ ಗಾಲಿಕುರ್ಚಿಯವರೂ ಇದಕ್ಕೆ ಸೇರಬಹುದು. ಇನ್ನೂ ಪೆಟ್ಟಾಗದವರು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಿಕೊಂಡಿರಲಿ, ಅಪಘಾತದಲ್ಲಿ ಒಂದು ಕೈಯೋ ಕಾಲೋ ಹೋದರೆ 1 ಲಕ್ಷ, ಎರಡೂ ಹೋದರೆ ಅಥವಾ ಪ್ರಾಣವೇ ಹೋದರೆ 2 ಲಕ್ಷ ಸಿಗುತ್ತದೆ. 2018ರ ಆಗಸ್ಟ್ 15ರಿಂದ ತೆಲಂಗಾಣ ಸರ್ಕಾರ ನಡೆಸುತ್ತಿರುವ ರೈತು ಬೀಮಾ ಕೂಡ ಹೀಗೆಯೇ. 18ರಿಂದ 59ರೊಳಗಿನ ಭೂಮಿಯುಳ್ಳ ರೈತರಿಗೆ, ಸಾವಿನ ಕಾರಣ ಯಾವುದೇ ಇರಲಿ, ಮನೆಯವರಿಗೆ 5 ಲಕ್ಷ. ರೈತರ ಕಾಲು ಎಷ್ಟಿವೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಏಕೆ ಕೇಳುವುದಿಲ್ಲ? ಎಲ್ಲರೂ ಒಟ್ಟಿಗೆ ಸೇರಿದ್ದಾರೆ. ರೋಗಿಗಳು ಮಾತ್ರ ಆರಿಸಿಕೊಂಡು ಬಂದು ಸೇರುವ ಭಯ ಅಲ್ಲಿಲ್ಲ. ಕಂಪನಿಯ ನಿಜವಾದ ಭಯ ಹೋದ ಕೂಡಲೇ ಆ ‘ಹೌದು, ಇಲ್ಲ’ದ ಪ್ರಶ್ನೆಯೂ ಹೋಗುತ್ತದೆ.

ಆದ್ದರಿಂದ ಬೇಗಂ ಬಜಾರಿನ ವ್ಯಾಪಾರಿ ಸಂಘಗಳಿಗೆ, ಅಲ್ಲಿ ಅಂಗಡಿ ಇರುವ ನಮ್ಮವರಿಗೆ ನನ್ನ ಕೋರಿಕೆ ಇದು. ನಿಮ್ಮ ಅಂಗಡಿಗಳ ಹಮಾಲರು, ಮುನೀಮರು, ಬಂಡಿ ತಳ್ಳುವವರು, ಸಣ್ಣ ವ್ಯಾಪಾರಿಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ ಒಂದು ಗುಂಪು ಅವಧಿ ವಿಮೆ ಮಾಡಿಸಿ. ಪೆಟ್ಟಾಗಿ ಗಲ್ಲಾದ ಪಕ್ಕ ಕೂತವರ ಹೆಸರು ಆ ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳಿ, ಕಂಪನಿ ಬಿಡಲು ಹೇಳಿದರೆ ಬೇರೆ ಕಂಪನಿಗೆ ಹೋಗಿ. ಈ ಸಭೆಯಲ್ಲಿ ಬ್ಯಾಂಕಿನವರು, ನಿಗಮದಿಂದ ನಿವೃತ್ತರಾದವರು, ವಕೀಲರು ಇದ್ದೀರಿ. ಕನ್ನಡದಲ್ಲಿ ಫಾರಂ ಓದಿ ಹೇಳುವ, ತಿರಸ್ಕಾರದ ಪತ್ರಕ್ಕೆ ಉತ್ತರ ಬರೆಯುವ ಕೆಲಸಕ್ಕೆ ವಾರದಲ್ಲಿ ಒಂದು ಸಂಜೆ ಕೊಡಬಲ್ಲವರು ಇಂದೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಿ ಎಂದು ಬೇಡಿಕೊಳ್ಳುತ್ತೇನೆ.